ಒರೆಯೊಳಗಿನ ಚೂರಿ

ಗೆಳೆಯರೇ, ಹೋದ ವಾರ ನಮ್ಮ ಏಳನೇ ತರಗತಿಯಲ್ಲಿ ನಡೆದ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. ಪೆನ್ಸಿಲ್ ಹೆರೆಯಲು ನಾನು ತಾತನ ಮಡಿಸುವ ಚಾಕು ತರುತ್ತಿದ್ದೆ. ಕಬಡ್ಡಿ ಆಡುವಾಗ ನನ್ನ ಗೆಳೆಯ "ನೀನು ಔಟ್" ಅಂದ. ನಾನು ಅಲ್ಲ ಅಂದೆ. ಮಾತಿಗೆ ಮಾತು ಬೆಳೆಯಿತು. ಸಿಟ್ಟು ನೆತ್ತಿಗೇರಿ ಜೇಬಿನಿಂದ ಚಾಕು ತೆಗೆದು ಬಿಚ್ಚಿಬಿಟ್ಟೆ. ಚುಚ್ಚಬೇಕು ಅಂತಲ್ಲ, ಹೆದರಿಸೋಣ ಅಂತ ಅಷ್ಟೇ. ಅವನ ಮುಖ ಬಿಳಿಚಿಕೊಂಡಿತು. ಎರಡು ಹೆಜ್ಜೆ ಹಿಂದೆ ಹೋದ.

ಮೇಷ್ಟ್ರು ಹೊಡೆಯಲಿಲ್ಲ. ಚಾಕು ಇಸಿದುಕೊಂಡರು. ಲೈಬ್ರರಿಯಿಂದ ಜಪಾನ್ ದೇಶದ ಪುಸ್ತಕ ತೆಗೆದುಕೊಟ್ಟು, "ಇದರಲ್ಲಿ ಚೂರಿಗಳ ವಿಷಯ ಇದೆ. ಓದಿ ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿದ್ದನ್ನು, ಮೇಷ್ಟ್ರು ಹೇಳಿದ್ದನ್ನು ಇಲ್ಲಿ ಬರೆದಿದ್ದೇನೆ.

ಜಪಾನಿನ ಹಳೇ ಅಳತೆಗೆ ಶಾಕು ಎಂದು ಹೆಸರು. ಒಂದು ಶಾಕು ಎಂದರೆ ಸುಮಾರು 30 ಸೆಂ.ಮೀ., ನಮ್ಮ ದೊಡ್ಡ ಸ್ಕೇಲಿನಷ್ಟು. ಅಲಗು ಅದಕ್ಕಿಂತ ಗಿಡ್ಡ ಇದ್ದರೆ ತಾಂತೋ. ಒಂದರಿಂದ ಎರಡು ಶಾಕು ಇದ್ದರೆ ವಾಕಿಜಾಶಿ. ಅದಕ್ಕೂ ಉದ್ದ ಇದ್ದರೆ ಕಟಾನಾ ಎಂಬ ದೊಡ್ಡ ಕತ್ತಿ.

ತಾಂತೋದಲ್ಲಿ ಹಲವು ಬಗೆ. ಹಿಡಿಗೂ ಅಲಗಿಗೂ ಮಧ್ಯೆ ಅಡ್ಡ ಬಿಲ್ಲೆ ಇಲ್ಲದ್ದು ಐಕುಚಿ. ಚಿಕ್ಕ ಬಿಲ್ಲೆ ಇರುವುದು ಹಮಿದಾಶಿ. ಯುದ್ಧದಲ್ಲಿ ಕವಚದ ಸಂದಿಗೆ ಚುಚ್ಚಲು ಮಾಡಿದ ದಪ್ಪ ಅಲಗಿನದು ಯೊರೊಯಿದೋಶಿ. ಸಮುರಾಯಿ ಎಂಬ ಯೋಧರ ಮನೆಯ ಹೆಂಗಸರು ತಮ್ಮ ರಕ್ಷಣೆಗೆ ಬಟ್ಟೆಯೊಳಗೆ ಇಟ್ಟುಕೊಳ್ಳುತ್ತಿದ್ದದ್ದು ಕೈಕೆನ್. ಈಗಲೂ ಹಳೇ ಪದ್ಧತಿಯ ಮದುವೆಯಲ್ಲಿ ಮದುಮಗಳು ಚಂದದ ಚೀಲದಲ್ಲಿಟ್ಟ ಕೈಕೆನ್ ಅನ್ನು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಾಳೆ. ಕತ್ತಿಯ ಒರೆಯ ಪಕ್ಕದಲ್ಲೇ ಕೊಗತಾನಾ ಎಂಬ ಪುಟ್ಟ ಚಾಕು ಇಡುತ್ತಿದ್ದರು. ಅದು ಸಣ್ಣಪುಟ್ಟ ಕೆಲಸಕ್ಕೆ.

ನಮ್ಮೂರ ಆಚಾರ್ರು ಕುಡುಗೋಲನ್ನು ಕುಲುಮೆಯಲ್ಲಿ ಕಾಯಿಸಿ ನೀರಿಗೆ ಅದ್ದುವುದನ್ನು ನಾವು ನೋಡಿದ್ದೇವಲ್ಲ, ಅಲ್ಲಿಯೂ ಹಾಗೆಯೇ. ಆದರೆ ಮೊದಲು ಅಲಗಿಗೆ ಮಣ್ಣು ಮೆತ್ತುತ್ತಾರೆ. ಬೆನ್ನಿಗೆ ದಪ್ಪ, ಅಂಚಿಗೆ ತೆಳು. ನೀರಿಗೆ ಅದ್ದಿದಾಗ ಅಂಚು ಬೇಗ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನವಾಗಿ ತಣಿದು ಮೆದುವಾಗಿ ಉಳಿಯುತ್ತದೆ. ಪೂರ್ತಿ ಗಡುಸಾದರೆ ಮುರಿದುಹೋಗುತ್ತದೆ.

ತಾಂತೋ ಶುರುವಾದದ್ದು ಹೇಯಾನ್ ಕಾಲದಲ್ಲಿ (794–1185). ಆಮೇಲೆ ಕಾಮಾಕುರಾ ಕಾಲದಲ್ಲಿ (1185–1333) ಬಹಳ ಸುಂದರವಾದ ತಾಂತೋಗಳನ್ನು ಮಾಡಿದರು. 1603ರಿಂದ 1868ರವರೆಗಿನ ಎದೋ ಕಾಲದಲ್ಲಿ ಹೆಚ್ಚಾಗಿ ಶಾಂತಿ ಇತ್ತು. ಆಗ ಸಮುರಾಯಿಗಳು ಒಂದು ಉದ್ದ, ಒಂದು ಗಿಡ್ಡ ಕತ್ತಿ ಸಿಕ್ಕಿಸಿಕೊಳ್ಳುತ್ತಿದ್ದರು. ಇನ್ನೊಬ್ಬರ ಮನೆಗೆ ಹೋದರೆ ಉದ್ದದ್ದನ್ನು ತೆಗೆದಿಡಬೇಕು. 1876ರಲ್ಲಿ ಸಾರ್ವಜನಿಕವಾಗಿ ಕತ್ತಿ ಧರಿಸಿ ಓಡಾಡುವುದನ್ನೇ ಸರ್ಕಾರ ನಿಷೇಧಿಸಿತು.

ನನ್ನ ಮನಸ್ಸಿಗೆ ನಾಟಿದ್ದು ಮುಂದಿನ ವಿಷಯ. 1890ರ ದಶಕದಲ್ಲಿ ಮಿಕಿ ಎಂಬ ಊರಲ್ಲಿ ಹಿಗೊನೊಕಾಮಿ ಎಂಬ ಮಡಿಸುವ ಚಾಕು ಹುಟ್ಟಿತು, ತಾತನ ಚಾಕುವಿನ ಥರಾನೇ. ಜಪಾನಿನ ಶಾಲೆ ಮಕ್ಕಳು ಅದರಲ್ಲೇ ಪೆನ್ಸಿಲ್ ಹೆರೆಯುತ್ತಿದ್ದರು. 1960ರಲ್ಲಿ ಟೋಕಿಯೋದಲ್ಲಿ 17 ವರ್ಷದ ಹುಡುಗನೊಬ್ಬ ಅಸನುಮಾ ಎಂಬ ರಾಜಕೀಯ ನಾಯಕರನ್ನು ಸಭೆಯ ವೇದಿಕೆಯ ಮೇಲೆಯೇ ಗಿಡ್ಡ ಕತ್ತಿಯಿಂದ ಇರಿದು ಕೊಂದ. ಮಕ್ಕಳ ಕೈಗೆ ಚಾಕು ಕೊಡಬೇಡಿ ಅಂತ ಆಮೇಲೆ ಚಳವಳಿಯೇ ನಡೆಯಿತು. ಪೆನ್ಸಿಲ್ ಹೆರೆಯುವ ಚಾಕುವೂ ಶಾಲೆಗಳಿಂದ ಕಾಣೆಯಾಯಿತು. ಒಬ್ಬ ಮಾಡಿದ್ದು, ಎಲ್ಲರೂ ಕಳೆದುಕೊಂಡರು.

ನಮ್ಮಲ್ಲೂ ಹಾಗೇ ಆಯಿತು. ನನ್ನಿಂದಾಗಿ ಮೇಷ್ಟ್ರು ಎಲ್ಲರ ಬ್ಲೇಡು, ಚಾಕು ಇಸಿದುಕೊಂಡರು. ಈಗ ಇಡೀ ತರಗತಿ ಒಂದೇ ಮೆಂಡರ್‌ಗೆ ಸಾಲು ನಿಲ್ಲುತ್ತಿದೆ. ಯಾರೂ ನನ್ನನ್ನು ಬೈಯಲಿಲ್ಲ. ಅದೇ ಹೆಚ್ಚು ಬೇಜಾರು.

"ಚಿನ್ನದ ಚೂರಿ ಅಂತ ಕುತ್ತಿಗೆ ಕುಯ್ದುಕೊಳ್ಳಕ್ಕಾಗುತ್ತಾ?" ಅಂತ ನಮ್ಮಜ್ಜಿ ಹೇಳುತ್ತಾರೆ. ಚೂರಿ ಎಷ್ಟು ಚೆನ್ನಾಗಿದ್ದರೂ ಕೆಲಸ ಇಲ್ಲದಾಗ ಅದರ ಜಾಗ ಒರೆ. ನನ್ನ ಸಿಟ್ಟಿಗೂ ಒಂದು ಒರೆ ಬೇಕು.

ಗೆಳೆಯಾ, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಆವತ್ತು ನಿನ್ನ ಕೈ ನನ್ನ ಕಾಲಿಗೆ ತಾಗಿತ್ತು. ನಾನು ಔಟೇ ಆಗಿದ್ದೆ. ತಪ್ಪಾಯ್ತು, ಮಾತಾಡಿಸು.