ರಾಕಿ ಪರ್ವತದ ಹೆದ್ದಾರಿ: ಹತ್ತು ಹಲ್ಲೋ, ಹನ್ನೊಂದು ಹಲ್ಲೋ?

ಅಮೆರಿಕ ಸಂಯುಕ್ತ ಸಂಸ್ಥಾನದ ಕೊಲರಾಡೊ ರಾಜ್ಯದ ರಾಜಧಾನಿಯಾದ ಡೆನ್ವರ್ ನಗರವು ಸಮುದ್ರಮಟ್ಟದಿಂದ 5,280 ಅಡಿಗಳ ಎತ್ತರದಲ್ಲಿದೆ. ಅದು ಸರಿಯಾಗಿ ಒಂದು ಮೈಲಿ. ಆದುದರಿಂದಲೇ ಆ ಊರಿಗೆ ‘ಮೈಲೆತ್ತರದ ನಗರ’ವೆಂದು ಅಡ್ಡಹೆಸರು. ಊರಿನ ಪೂರ್ವಕ್ಕೆ ಕಣ್ಣು ಹರಿಯುವವರೆಗೂ ಗೋಧಿಯ ಹೊಲಗಳು, ದನದ ಹುಲ್ಲುಗಾವಲುಗಳು, ಚಾಪೆ ಹಾಸಿದಂತಹ ಬಯಲು. ಪಶ್ಚಿಮಕ್ಕೆ ತಿರುಗಿದರೆ, ಇದ್ದಕ್ಕಿದ್ದಂತೆ ಗೋಡೆ ಎಬ್ಬಿಸಿದ ಹಾಗೆ ರಾಕಿ ಪರ್ವತ. ಬಯಲಿಗೂ ಪರ್ವತಕ್ಕೂ ಒಂದೇ ರಾಜಮಾರ್ಗ. 70ನೆಯ ಅಂತರರಾಜ್ಯ ಹೆದ್ದಾರಿಯು ಕಾನ್ಸಸ್ಸಿನ ಕಡೆಯಿಂದ ಸೋಮಾರಿಯಂತೆ ಹರಿದು ಬಂದು, ಡೆನ್ವರನ್ನು ದಾಟಿದ ಕೂಡಲೆ ಬೆಟ್ಟವನ್ನೇರತೊಡಗುತ್ತದೆ.

ಈ ಊರಿನ ಅನೇಕ ಮನೆಗಳ ಮುಂದೆ ಪಿಕಪ್ ಟ್ರಕ್ಕು ನಿಂತಿರುತ್ತದೆ. ಮುಂದೆ ಮನೆಮಂದಿ ಕೂರಲು ಸ್ಥಳ, ಹಿಂದೆ ಸಾಮಾನು ತುಂಬಲು ತೆರೆದ ತೊಟ್ಟಿ. ವಾರವೆಲ್ಲ ಅದು ಕಚೇರಿಗೂ ಅಂಗಡಿಗೂ ಓಡಾಡುತ್ತದೆ. ಬೇಸಿಗೆ ಬಂದಿತೆಂದರೆ ಹಾಸಿಗೆ, ಒಲೆ, ನೀರಿನ ತೊಟ್ಟಿಗಳುಳ್ಳ ಚಕ್ರದ ಮನೆಯೊಂದನ್ನು, ಎಂದರೆ ಟ್ರೇಲರನ್ನು, ಬೆನ್ನಿಗೆ ಕಟ್ಟಿಕೊಂಡು ಪರ್ವತಕ್ಕೆ ಹೊರಡುತ್ತದೆ. ಹಳೆಯ ಟ್ರಕ್ಕನ್ನು ಕೊಂಡ ಗೃಹಸ್ಥನಿಗೆ ಮೊದಲನೆಯ ಬೇಸಿಗೆಯಲ್ಲೇ ಒಂದು ಪ್ರಶ್ನೆ ಎದುರಾಗುತ್ತದೆ: ಗಾಡಿಯ ಡಿಫರೆನ್ಷಿಯಲ್ಲಿನ ಹಲ್ಲಿನ ಪ್ರಮಾಣವನ್ನು ಬದಲಿಸಬೇಕೆ, ಇದ್ದುದನ್ನೇ ಇಟ್ಟುಕೊಳ್ಳಬೇಕೆ? ಸಾವಿರ ಡಾಲರಿಗೂ ಮೀರಿದ ಖರ್ಚಿನ ಮಾತಾದುದರಿಂದ ಇದು ಗಂಡಹೆಂಡಿರು ಕೂಡಿ ಕುಳಿತು ಯೋಚಿಸುವ ವಿಷಯವೇ ಸರಿ.

ಡಿಫರೆನ್ಷಿಯಲ್ ಎಂದರೆ ಲಾರಿಯ ಹಿಂದಿನ ಎರಡು ಚಕ್ರಗಳ ನಡುವೆ ಕುಂಬಳಕಾಯಿಯಂತೆ ಉಬ್ಬಿಕೊಂಡಿರುವ ಆ ಕಬ್ಬಿಣದ ಗೋಳ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರವನ್ನೂ ಒಳಗಿನ ಚಕ್ರ ಕಡಮೆ ದೂರವನ್ನೂ ಕ್ರಮಿಸಬೇಕಷ್ಟೆ. ಆ ವ್ಯತ್ಯಾಸಕ್ಕೆ ಎಡೆಗೊಡುವುದು ಅದರ ಒಂದು ಕೆಲಸ. ಪೆಕ್ಕರ್ ಎಂಬ ಫ್ರೆಂಚ್ ಗಡಿಯಾರ ಕುಶಲಿ 1820ರ ದಶಕದ ಕೊನೆಯಲ್ಲಿಯೇ ಉಗಿಬಂಡಿಗಾಗಿ ಈ ಉಪಾಯವನ್ನು ಕಂಡುಹಿಡಿದಿದ್ದ. ಎರಡನೆಯ ಕೆಲಸವೇ ಇಲ್ಲಿ ಮುಖ್ಯವಾದುದು. ಎಂಜಿನ್ನಿನ ಕಡೆಯಿಂದ ಬರುವ ಉದ್ದನೆಯ ದಂಡದ ತುದಿಯಲ್ಲಿ ಪಿನಿಯನ್ ಎಂಬ ಸಣ್ಣ ಹಲ್ಲುಚಕ್ರವಿದೆ. ಅದು ಕ್ರೌನ್ ವೀಲ್ ಎಂಬ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ. ದೊಡ್ಡದಕ್ಕೆ 41 ಹಲ್ಲು, ಸಣ್ಣದಕ್ಕೆ 10 ಹಲ್ಲು ಇದ್ದರೆ ಪ್ರಮಾಣ 4.10. ಎಂದರೆ ದಂಡ ನಾಲ್ಕು ಸುತ್ತಿಗೂ ತುಸು ಹೆಚ್ಚು ತಿರುಗಿದಾಗ ಚಕ್ರ ಒಂದು ಸುತ್ತು ಉರುಳುತ್ತದೆ. ಸಣ್ಣದಕ್ಕೆ 11 ಹಲ್ಲಾದರೆ 3.73. ಒಂದೇ ಒಂದು ಹಲ್ಲಿನ ಅಂತರ! ಬಯಲಿನ ಓಟಕ್ಕೂ ಎಣ್ಣೆಯ ಉಳಿತಾಯಕ್ಕೂ ಒಪ್ಪುವಂತೆ ಕಾರ್ಖಾನೆಯಿಂದ ಬಂದ ಎಷ್ಟೋ ಟ್ರಕ್ಕುಗಳಲ್ಲಿ ಈ ಪ್ರಮಾಣ 3.08ರಷ್ಟೇ ಇರುತ್ತದೆ.

ಡೆನ್ವರಿನಿಂದ ಹೊರಟ ಗಾಡಿ ಮೊದಲು ಮೌಂಟ್ ವರ್ನನ್ ಕಣಿವೆಯನ್ನು ಹತ್ತಿ ಜೆನೆಸೀ ಬೆಟ್ಟವನ್ನು ತಲಪುತ್ತದೆ. ಹೆದ್ದಾರಿಯ ಅಂಚಿನಲ್ಲೇ ಡೆನ್ವರ್ ನಗರಸಭೆ ಸಾಕಿರುವ ಕಾಡುಕೋಣದ ಜಾತಿಯ ಬೈಸನ್ ಹಿಂಡು ಮೇಯುತ್ತಿರುತ್ತದೆ. ಹಿಂದಿನ ಆಸನದ ಮಕ್ಕಳಿಗೆ ಅಷ್ಟರಿಂದಲೇ ಪ್ರಯಾಣ ಸಾರ್ಥಕ. ಸ್ವಲ್ಪ ಮುಂದೆ ಸೇತುವೆಯೊಂದರ ಚೌಕಟ್ಟಿನೊಳಗೆ ಪರ್ವತದ ಹಿಮಶಿಖರಗಳು ಮೊತ್ತಮೊದಲು ಕಾಣಿಸಿಕೊಳ್ಳುತ್ತವೆ. ಆಮೇಲೆ ರಸ್ತೆ ಕ್ಲಿಯರ್ ಕ್ರೀಕ್ ಎಂಬ ಹೊಳೆಯ ಪಾತ್ರಕ್ಕಿಳಿದು ಅದರ ಜೊತೆಯಲ್ಲೇ ಸಾಗುತ್ತದೆ. 1859ರ ಜನವರಿಯಲ್ಲಿ ಚಿನ್ನ ದೊರೆತ ಐಡಾಹೊ ಸ್ಪ್ರಿಂಗ್ಸ್, ಬೆಳ್ಳಿಯ ಗಣಿಗಳಿಂದ ಮೆರೆದ ಜಾರ್ಜ್‌ಟೌನ್, ಇವೆಲ್ಲ ಆ ಹೊಳೆಯ ಮಗ್ಗುಲಿನ ಊರುಗಳು.

ಜಾರ್ಜ್‌ಟೌನಿನಲ್ಲಿ ಗಾಡಿ ನಿಲ್ಲಿಸಿ ಅರ್ಧ ಗಂಟೆ ಕಳೆದವರಿಗೆ ಹಲ್ಲಿನ ಪ್ರಶ್ನೆಯ ತಿರುಳು ಕಣ್ಣಿಗೇ ಕಾಣುತ್ತದೆ. ಅಲ್ಲಿಂದ ಸಿಲ್ವರ್ ಪ್ಲೂಮ್ ಎಂಬ ಗಣಿಯೂರು ಕೇವಲ ಎರಡು ಮೈಲಿ. ಆದರೆ ಆರುನೂರು ಅಡಿಗಳಿಗೂ ಹೆಚ್ಚು ಎತ್ತರದಲ್ಲಿದೆ. ನೇರವಾಗಿ ಹಳಿ ಹಾಕಿದರೆ ನೂರು ಅಡಿಗೆ ಆರು ಅಡಿಯಂತೆ ಏರು. ಅಷ್ಟು ಕಡಿದಾದ ಹಳಿಯ ಮೇಲೆ ಆ ಕಾಲದ ರೈಲಿನ ಚಕ್ರಗಳಿಗೆ ಹಿಡಿತ ಸಾಲದು. ಉಗಿ ಎಂಜಿನ್ನಿಗೆ ಬದಲಿಸಿಕೊಳ್ಳಲು ಗೇರುಗಳೂ ಇಲ್ಲ. ಆದುದರಿಂದ ಎಂಜಿನಿಯರುಗಳು ದಾರಿಯನ್ನೇ ಬದಲಿಸಿದರು. 1884ರಲ್ಲಿ ಮುಗಿದ ಆ ಹಳಿ, ಹಾವು ಸುರುಳಿ ಸುತ್ತಿದಂತೆ ತಿರುಗಿ, ಎತ್ತರದ ಸೇತುವೆಯೊಂದರ ಮೇಲೆ ತನ್ನ ತಲೆಯ ಮೇಲೆ ತಾನೇ ದಾಟಿಕೊಂಡು, ಎರಡು ಮೈಲಿಯ ದೂರವನ್ನು ಅದರ ಎರಡರಷ್ಟು ಮಾಡಿಕೊಂಡು ಮೇಲೇರಿತು. 1939ರಲ್ಲಿ ಅದನ್ನು ಕಿತ್ತು ಮಾರಿದರು. 1984ರಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದರು. ಪ್ರವಾಸಿಗರು ಇಂದಿಗೂ ಅದರಲ್ಲಿ ಕುಳಿತು ಸುತ್ತಿಬರಬಹುದು. ಗೇರಿನ ಕೆಲಸವೂ ಇದೇ ಬಗೆಯದು. ಎಂಜಿನ್ನು ಹೆಚ್ಚು ಸುತ್ತು ಸುತ್ತುತ್ತದೆ, ಒಂದೊಂದು ಸುತ್ತಿಗೂ ಬೀಳುವ ಭಾರ ಕಡಮೆಯಾಗುತ್ತದೆ. ಹಲ್ಲುಚಕ್ರ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ.

ಜಾರ್ಜ್‌ಟೌನಿನಿಂದ ಮುಂದೆ ಹೆದ್ದಾರಿ ಸುಮ್ಮನೆ ಏರುತ್ತಲೇ ಹೋಗುತ್ತದೆ. ಘಾಟಿಯೆಂದರೆ ಹೆಜ್ಜೆಹೆಜ್ಜೆಗೂ ತಿರುವು ಎಂದು ತಿಳಿದವರಿಗೆ ಇಲ್ಲಿ ಆಶ್ಚರ್ಯ ಕಾದಿದೆ. ತಿರುವುಗಳೆಲ್ಲ ವಿಶಾಲ, ರಸ್ತೆ ಅಗಲ, ಎಲ್ಲವೂ ಸಲೀಸು. ಆದರೆ ಏರಿಗೆ ಕೊನೆಯೆಂಬುದೇ ಇಲ್ಲ. ಕೊನೆಗೆ ಪರ್ವತದ ಎದೆಯಲ್ಲಿ ಜೋಡಿ ಸುರಂಗದ ಬಾಯಿಗಳು ಕಾಣುತ್ತವೆ. ಅಮೆರಿಕದ ಅಂತರರಾಜ್ಯ ಹೆದ್ದಾರಿಗಳಿಗೆ 1956ರಲ್ಲಿ ಕಾಯಿದೆಯ ಮುದ್ರೆಯೊತ್ತಿದ ರಾಷ್ಟ್ರಾಧ್ಯಕ್ಷ ಐಸೆನ್‌ಹೋವರನ ಹೆಸರನ್ನು ಮೊದಲನೆಯದಕ್ಕೆ ಇಟ್ಟಿದ್ದಾರೆ. ಆತನ ಪತ್ನಿ ಬೆಳೆದುದು ಡೆನ್ವರಿನಲ್ಲಿ. ಈ ಸುರಂಗ ತೆರೆದುದು 1973ರಲ್ಲಿ. ಜಾನ್ಸನ್ ಎಂಬ ಹಿಂದಿನ ಗವರ್ನರನ ಹೆಸರಿನ ಎರಡನೆಯದು 1979ರಲ್ಲಿ ತೆರೆಯಿತು. ಉದ್ದ ಸುಮಾರು 1.7 ಮೈಲಿ, ಎತ್ತರ 11,158 ಅಡಿ. ಅಗೆಯುವ ಕಾಲದಲ್ಲಿ, ಹೆಂಗಸು ಒಳಗೆ ಕಾಲಿಟ್ಟರೆ ಕೇಡೆಂದು ಕೆಲಸಗಾರರು ನಂಬಿದ್ದರು. ಇಲಾಖೆಯ ನೌಕರಳಾಗಿದ್ದ ಜಾನೆಟ್ ಬೊನೆಮಾ ಎಂಬಾಕೆ ನ್ಯಾಯಾಲಯದ ಮೆಟ್ಟಿಲೇರಿ 1972ರಲ್ಲಿ ಒಳಹೊಕ್ಕಾಗ ಕೆಲವರು ಕೆಲಸ ಬಿಟ್ಟು ಹೊರನಡೆದರಂತೆ. ಸುರಂಗವೇನೂ ಕುಸಿಯಲಿಲ್ಲ.

ಈ ಎತ್ತರದಲ್ಲಿ ಮನುಷ್ಯನಿಗೆ ಏದುಸಿರು ಬರುವಂತೆ ಎಂಜಿನ್ನಿಗೂ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ನು ಸಾವಿರ ಅಡಿಗೆ ನೂರಕ್ಕೆ ಸುಮಾರು ಮೂರರಂತೆ ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಬಾಯಿಗೆ ಬರುವಷ್ಟರಲ್ಲಿ ಮೂರರಲ್ಲೊಂದು ಪಾಲು ಮಾಯ. ಕಾಗದದ ಮೇಲೆ 270 ಅಶ್ವಶಕ್ತಿಯುಳ್ಳದ್ದು ಇಲ್ಲಿ 180ರದು. ಅದೂ ಎಂಜಿನ್ನು ನಿಮಿಷಕ್ಕೆ ಐದು ಸಾವಿರದಷ್ಟು ಸುತ್ತು ತಿರುಗಿದಾಗ ಮಾತ್ರ. ಮನೆಮಂದಿ, ಸಾಮಾನು, ಟ್ರೇಲರು ಎಲ್ಲ ಕೂಡಿ 11,000 ಪೌಂಡು ತೂಗುವ ಗಾಡಿಯನ್ನು ನೂರಕ್ಕೆ ಏಳರ ಏರಿನಲ್ಲಿ ಗಂಟೆಗೆ 50 ಮೈಲಿಯಂತೆ ಒಯ್ಯಲು, ಭೂಮಿಯ ಸೆಳೆತವನ್ನು ಗೆಲ್ಲುವುದಕ್ಕೇ 103 ಅಶ್ವಶಕ್ತಿ ಬೇಕು. ಗಾಳಿಯ ಅಡ್ಡಿ, ಟೈರಿನ ಅಡ್ಡಿಗಳ ಲೆಕ್ಕ ಬೇರೆ.

ಇಲ್ಲಿಯೇ 3.08ರ ಪ್ರಮಾಣ ಸಂಕಟಕ್ಕೆ ಸಿಕ್ಕುವುದು. ಹಳೆಯ ಟ್ರಕ್ಕುಗಳಲ್ಲಿ ಬಹುವಾಗಿ ಕಾಣುವ ನಾಲ್ಕು ಗೇರಿನ ಸ್ವಯಂಚಾಲಿತ ಪೆಟ್ಟಿಗೆಯೊಂದರಲ್ಲಿ ಮೊದಲನೆಯ ಗೇರು 3.06, ಎರಡನೆಯದು 1.63, ಮೂರನೆಯದು ಸಮಸಮ, ನಾಲ್ಕನೆಯದು 0.70. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಹಳ್ಳ ದೊಡ್ಡದು. 31 ಅಂಗುಲದ ಟೈರುಳ್ಳ ಗಾಡಿ 50 ಮೈಲಿ ವೇಗದಲ್ಲಿ ಎರಡನೆಯ ಗೇರಿನಲ್ಲಿದ್ದರೆ ಎಂಜಿನ್ನಿಗೆ ನಿಮಿಷಕ್ಕೆ 2,720 ಸುತ್ತು, ಶಕ್ತಿ ಸಾಲದು. ಮೊದಲನೆಯದಕ್ಕಿಳಿಸಿದರೆ 5,100, ಕಿವಿಗಡಚಿಕ್ಕುವ ಆರ್ಭಟ. ಆದುದರಿಂದ ಚಾಲಕ ವೇಗವನ್ನೇ 40ಕ್ಕೆ ಇಳಿಸಿ, ಮೊದಲ ಗೇರಿನಲ್ಲಿ, ಎಚ್ಚರಿಕೆಯ ದೀಪ ಮಿನುಗಿಸುತ್ತ ಬಲಬದಿಯ ಸಾಲಿನಲ್ಲಿ ಲಾರಿಗಳ ಸಂಗಡ ತೆವಳಬೇಕು. ಅದೇ ಗಾಡಿಗೆ 4.10 ಹಾಕಿದರೆ 50 ಮೈಲಿಯಲ್ಲಿ ಎರಡನೆಯ ಗೇರಿಗೆ 3,620 ಸುತ್ತು ದೊರೆಯುತ್ತದೆ, 3.73 ಆದರೆ 3,300. ಆಗಲೂ ಗಾಡಿ ಹಾರಿಹೋಗುವುದಿಲ್ಲ, ಹಳ್ಳ ಸ್ವಲ್ಪ ತುಂಬುತ್ತದೆ.

ಏರಿನ ಮಾತು ಇಷ್ಟು. ಟ್ರೇಲರಿನ ಪರೀಕ್ಷೆ ನಡೆಯುವುದು ಸುರಂಗದ ಆಚೆ ಬದಿಯಲ್ಲಿ. ಸ್ಟ್ರೇಟ್ ಕ್ರೀಕ್ ಎಂಬ ತೊರೆಯ ಮಗ್ಗುಲಲ್ಲಿ ಹೆದ್ದಾರಿ ಡಿಲನ್ ಊರಿನ ಕಡೆಗೆ ಎಂಟು ಮೈಲಿಗಳಲ್ಲಿ ಎರಡು ಸಾವಿರ ಅಡಿಗಳಿಗೂ ಹೆಚ್ಚು ಇಳಿಯುತ್ತದೆ. ಬ್ರೇಕು ಸೋತ ಲಾರಿಗಳು ನುಗ್ಗಿ ನಿಲ್ಲಲೆಂದು ಪಕ್ಕದ ಗುಡ್ಡಕ್ಕೆ ಜಲ್ಲಿಯ ದಾರಿಗಳನ್ನು ಕಟ್ಟಿದ್ದಾರೆ. ಮೋಟಾರು ಪತ್ರಕರ್ತರು ಹೊಸ ಟ್ರಕ್ಕುಗಳಿಗೆ ಭಾರ ಕಟ್ಟಿ ಪರೀಕ್ಷಿಸುವುದೂ ಇಲ್ಲೇ. ಹತ್ತುವಾಗ ನಿಮಿಷಗಳನ್ನು ಎಣಿಸುತ್ತಾರೆ, ಇಳಿಯುವಾಗ ಚಾಲಕ ಎಷ್ಟು ಬಾರಿ ಬ್ರೇಕು ತುಳಿದನೆಂಬುದನ್ನು ಎಣಿಸುತ್ತಾರೆ. 11,000 ಪೌಂಡಿನ ಗಾಡಿ ಈ ಇಳಿಜಾರಿನಲ್ಲಿ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 90 ಲೀಟರು ತಣ್ಣೀರನ್ನು ಕುದಿಸಲು ಸಾಕು. ಬಚ್ಚಲ ಹಂಡೆಗೆ ಎಷ್ಟು ಸೌದೆ ಬೇಕೆಂದು ಬಲ್ಲವರಿಗೆ ಇದರ ಅಳತೆ ತಿಳಿದೀತು. ಅದರಲ್ಲಿ ಒಂದಿಷ್ಟನ್ನು ಗಾಳಿ, ಟೈರುಗಳು ನುಂಗಿಕೊಂಡರೂ ಉಳಿದುದೆಲ್ಲ ಬ್ರೇಕಿನ ತಟ್ಟೆಗಳ ಪಾಲಾದರೆ ಅವು ಕಾದು ಹಿಡಿತ ಬಿಡುತ್ತವೆ. ಪಾಲು ಹಂಚಿಕೊಳ್ಳಬೇಕಾದದ್ದು ಎಂಜಿನ್ನು. ಎರಡನೆಯ ಗೇರಿನಲ್ಲಿ 45 ಮೈಲಿ ವೇಗದಲ್ಲಿ ಇಳಿಯುವಾಗ 3.08ರ ಗಾಡಿಯ ಎಂಜಿನ್ನು 2,450 ಸುತ್ತಿನಲ್ಲಿ ತಡೆದರೆ, 4.10ರದು 3,260 ಸುತ್ತಿನಲ್ಲಿ ಬಲವಾಗಿ ಹಿಡಿದು ನಿಲ್ಲಿಸುತ್ತದೆ. ಕೊಳ್ಳುವವರು ಏರನ್ನು ನೆನೆದು ಹಲ್ಲು ಬದಲಿಸುತ್ತಾರೆ. ಅದರ ನಿಜವಾದ ಬೆಲೆ ತಿಳಿಯುವುದು ಈ ಎಂಟು ಮೈಲಿಗಳಲ್ಲಿ.

ಇಳಿಜಾರಿನ ಭಯ ಕಲ್ಪಿತವಲ್ಲ. ಇದೇ ಹೆದ್ದಾರಿಯಲ್ಲಿ, ಪರ್ವತದಿಂದ ಡೆನ್ವರಿನ ಕಡೆಗಿಳಿಯುವ ಕೊನೆಯ ಭಾಗದಲ್ಲಿ, 2019ರ ಏಪ್ರಿಲ್ 25ರಂದು ಮರದ ಹಲಗೆ ಹೊತ್ತ ಭಾರಿ ಲಾರಿಯೊಂದು ಬ್ರೇಕಿಲ್ಲದೆ ನುಗ್ಗಿ ನಿಂತ ವಾಹನಗಳಿಗೆ ಅಪ್ಪಳಿಸಿತು. ನಾಲ್ವರು ಸತ್ತರು. ಅದು ಪಿಕಪ್ಪಲ್ಲ, ಹಲ್ಲಿನ ಪ್ರಮಾಣಕ್ಕೂ ಆ ದುರಂತಕ್ಕೂ ಸಂಬಂಧವಿಲ್ಲ. ಆದರೆ ಟ್ರೇಲರು ಕಟ್ಟಿಕೊಂಡು ಹೊರಟ ಡೆನ್ವರಿನ ಸಂಸಾರಸ್ಥರು ಆ ತಿರುವಿಗೆ ಬಂದಾಗ ಅದನ್ನು ನೆನೆಯದೆ ಇರುವುದು ಕಷ್ಟ.

ಹಾಗಾದರೆ ಎಲ್ಲರೂ 4.10 ಹಾಕಿಸಿಬಿಡಬಾರದೇಕೆ? ಉತ್ತರ ಊರಿನ ಪೂರ್ವಕ್ಕಿದೆ. ಕಾನ್ಸಸ್ಸಿನ ಕಡೆಯ ಬಯಲಿನಲ್ಲಿ ಗಂಟೆಗೆ 75 ಮೈಲಿ ಓಡಲು ಅನುಮತಿಯುಂಟು. ಆ ವೇಗದಲ್ಲಿ ಕೊನೆಯ ಗೇರಿನಲ್ಲಿ 3.08ರ ಎಂಜಿನ್ನು 1,750 ಸುತ್ತಿನಲ್ಲಿ ನಿದ್ದೆ ಮಾಡಿದಂತೆ ತಿರುಗುತ್ತದೆ, 4.10ರದು 2,330. ಗಂಟೆಗೆ ಸುಮಾರು 35,000 ಸುತ್ತು ಹೆಚ್ಚು. ಪೆಟ್ರೋಲು, ಸದ್ದು, ಸವೆತ, ಎಲ್ಲವೂ ಅದರ ಹಿಂದೆ ಬರುತ್ತವೆ, ವರ್ಷದ ಮುನ್ನೂರು ದಿನವೂ. ದೊಡ್ಡ ಟೈರಿನ ಶೋಕಿಯವರ ಪಾಡು ಬೇರೆ. 31ರ ಬದಲು 35 ಅಂಗುಲದ ಟೈರು ಹಾಕಿದವನ 3.08 ನಡತೆಯಲ್ಲಿ 2.73 ಆಗಿಬಿಡುತ್ತದೆ; ಅಂಥವನಿಗೆ 4.10 ಶೋಕಿಯಲ್ಲ, ಶೋಕಿಯ ದಂಡ. ಎಂಟೋ ಹತ್ತೋ ಗೇರುಗಳ ಪೆಟ್ಟಿಗೆಯುಳ್ಳ ಹೊಸ ಟ್ರಕ್ಕಿನವರಂತೂ ಈ ಚಿಂತೆಯನ್ನೇ ಬಿಡಬಹುದು. ಅವುಗಳಲ್ಲಿ ಗೇರುಗಳ ನಡುವೆ ಹಳ್ಳವೇ ಇಲ್ಲ.

ಕೆಲಸವೂ ಸುಲಭದ್ದಲ್ಲ. ನಾಲ್ಕು ಚಕ್ರಕ್ಕೂ ಚಾಲನೆಯಿರುವ ಗಾಡಿಯಾದರೆ ಮುಂದಿನ ಡಿಫರೆನ್ಷಿಯಲ್ಲಿಗೂ ಅದೇ ಪ್ರಮಾಣ ಹಾಕಬೇಕು, ಖರ್ಚು ಇಮ್ಮಡಿಯ ಸಮೀಪಕ್ಕೆ ಹೋಗುತ್ತದೆ. ಎರಡು ಚಕ್ರಗಳ ಹಲ್ಲಿನ ನಡುವೆ ಇರಬೇಕಾದ ಸಡಿಲ ಅಂಗುಲದ ಸಾವಿರದಲ್ಲಿ ಆರರಿಂದ ಹತ್ತು ಭಾಗ ಮಾತ್ರ. ಮೇಸ್ತ್ರಿ ಹಲ್ಲಿಗೆ ಬಣ್ಣ ಸವರಿ, ತಿರುಗಿಸಿ, ಬಣ್ಣ ಅಳಿಸಿದ ಗುರುತನ್ನು ನೋಡಿ, ತೆಳುವಾದ ತಗಡಿನ ಬಿಲ್ಲೆಗಳನ್ನು ಸೇರಿಸುತ್ತಲೂ ತೆಗೆಯುತ್ತಲೂ ಹೊಂದಿಸಬೇಕು. ಕೈ ತಪ್ಪಿದರೆ ಗಾಡಿ ಜೀವನವಿಡೀ ಗೋಳಿಡುತ್ತದೆ. ವೇಗ ತೋರಿಸುವ ಮುಳ್ಳನ್ನೂ ತಿದ್ದಬೇಕು. ಇಷ್ಟೆಲ್ಲ ಮಾಡಿದರೂ ಇಂತಿಷ್ಟೇ ಭಾರ ಎಳೆಯಬಹುದೆಂದು ಕಾರ್ಖಾನೆಯವರು ಗೊತ್ತುಮಾಡಿದ ಅಂಕಿ ಒಂದು ಪೌಂಡೂ ಹೆಚ್ಚುವುದಿಲ್ಲ. ಇದನ್ನು ಮರೆಯುವವರೇ ಹೆಚ್ಚು.

ವರ್ಷಕ್ಕೆ ಎರಡು ಬಾರಿ ಮಾತ್ರ ಸುರಂಗ ದಾಟುವ ಸಂಸಾರಕ್ಕೆ 3.08 ಸಾಕು. ಬಲಬದಿಯ ಸಾಲಿನಲ್ಲಿ 40 ಮೈಲಿಯಂತೆ ಹತ್ತಿ, ಇಳಿಯುವ ಮೊದಲೇ ಗೇರಿಳಿಸಿ, ಟ್ರೇಲರಿಗೆ ತನ್ನದೇ ಒಳ್ಳೆಯ ಬ್ರೇಕು ಇಟ್ಟುಕೊಂಡರೆ ಹಣವೂ ಉಳಿಯಿತು, ಜೀವವೂ ಉಳಿಯಿತು. ಬೇಸಿಗೆಯ ಪ್ರತಿ ಶನಿವಾರವೂ ಬೆಟ್ಟ ಹತ್ತುವ ಹಂಬಲವುಳ್ಳವರು ಬದಲಿಸುವುದೇ ಮೇಲು. ಅದೂ ಹತ್ತು ಹಲ್ಲಿಗಿಂತ ಹನ್ನೊಂದು ಹಲ್ಲಿನದು, 3.73, ಸೋಮವಾರ ಕಚೇರಿಗೂ ಅದೇ ಗಾಡಿ ತಾನೆ?

ಬದಲಿಸುವವರು ವಸಂತದಲ್ಲೇ ಬದಲಿಸುತ್ತಾರೆ. ಹೊಸ ಹಲ್ಲುಗಳು ಒಂದಕ್ಕೊಂದು ಒಗ್ಗಬೇಕಷ್ಟೆ. ಮೊದಲ ದಿನ ಹದಿನೈದಿಪ್ಪತ್ತು ನಿಮಿಷ ಓಡಿಸಿ ಪೂರ್ತಿ ಆರಲು ಬಿಡಬೇಕು. ಮೊದಲ 500 ಮೈಲಿ ಟ್ರೇಲರು ಕಟ್ಟಕೂಡದು, ಆಮೇಲೆ ಎಣ್ಣೆ ಬದಲಿಸಬೇಕು. ಹೀಗಾಗಿ ಪರ್ವತಕ್ಕೆಂದು ಹಲ್ಲು ಕಟ್ಟಿಸಿಕೊಂಡ ಟ್ರಕ್ಕು ಮೊದಲು ಪರ್ವತಕ್ಕೆ ಬೆನ್ನು ಹಾಕಿ, ಬರಿಗೈಯಲ್ಲಿ, ಪೂರ್ವದ ಬಯಲಿನಲ್ಲಿ ಲೈಮನ್ ಊರಿನ ಕಡೆಗೆ ಮೆಲ್ಲಗೆ ಓಡುತ್ತದೆ. ಹಿಂದೆ ನೋಡುವ ಕನ್ನಡಿಯಲ್ಲಿ ಹಿಮದ ಶಿಖರಗಳು ಬಹಳ ಹೊತ್ತಿನವರೆಗೂ ಕಾಣುತ್ತಿರುತ್ತವೆ.