ಕುದುರೆಯ ಮಂಡಿ

ಸೀಸದಕಡ್ಡಿಯ ಒಂದೇ ಎಳೆತಕ್ಕೆ ಕುದುರೆಯ ಹಿಂಗಾಲಿನ ಹರಡು ತನ್ನ ಕೋನವನ್ನು ಕಿಂಚಿತ್ತೂ ತಪ್ಪದೆ ಕಾಗದದ ಮೇಲೆ ಮೂಡಿ ನಿಂತಾಗ ಆಗುವ ಆನಂದ ಅಲ್ಪವಾದುದಲ್ಲ. ಮೊನ್ನೆ ಅದು ನನಗೆ ಲಭಿಸಿತು. ಲಭಿಸಿದ ಕೂಡಲೇ ಅದನ್ನು ಕೆಡಿಸಿದವರು ಚಿತ್ರಕಾರರಾದ ನನ್ನ ಮಿತ್ರರೊಬ್ಬರು, ಅದೂ ಹೊಗಳಿಕೆಯಿಂದ: "ಮಂಡಿ ಬಹಳ ಸೊಗಸಾಗಿ ಹಿಂದಕ್ಕೆ ಬಾಗಿದೆ, ಸ್ವಾಮಿ!"

ಮಂಡಿಯಂತೆ! ಕುದುರೆಯ ನಿಜವಾದ ಮಂಡಿ ಹೊಟ್ಟೆಯ ಅಂಚಿನ ತೊಗಲಿನ ಮಡಿಕೆಯ ಬಳಿ ಅಡಗಿ, ನಮ್ಮ ಮಂಡಿಯ ಹಾಗೆಯೇ ಮುಂದಕ್ಕೆ ಮುಖಮಾಡಿಕೊಂಡಿದೆ. ಹಿಂದಕ್ಕೆ ಚಾಚಿರುವುದು ಹಿಮ್ಮಡಿ. ಮುಂಗಾಲಿನಲ್ಲಿ ಲೋಕವೆಲ್ಲ ಮಂಡಿಯೆಂದು ನಂಬಿರುವುದು ಮಣಿಕಟ್ಟು. ನೆಲ ಮುಟ್ಟುವ ಗೊರಸಾದರೋ ಒಂಟಿಯಾಗಿ ಉಳಿದ ನಡುಬೆರಳಿನ ಉಗುರು. ಆದುದರಿಂದ ನಾನು ಬೆನ್ನಿನ ಗೆರೆಯ ಗೊಡವೆಗೇ ಹೋಗದೆ, ಮೊದಲು ಎದೆಯ ತಳದಲ್ಲಿ ಮೊಣಕೈಗೊಂದು, ಪಕ್ಕೆಯ ಕೊನೆಯಲ್ಲಿ ಮಂಡಿಗೊಂದು ಚುಕ್ಕೆಯನ್ನಿಟ್ಟು, ಅಲ್ಲಿಂದ ಕಾಲುಗಳನ್ನು ಇಳಿಬಿಡುತ್ತೇನೆ. ಮಣಿಕಟ್ಟು ಹಿಮ್ಮಡಿಗಳಿಂದ ಕೆಳಗೆ ಮಾಂಸಖಂಡವು ಇಲ್ಲವೆಂದೇ ಹೇಳಬೇಕು; ಇರುವುದೆಲ್ಲ ಎಲುಬು, ಸ್ನಾಯುರಜ್ಜು, ತೊಗಲು. ಓಡಿಸುವ ಬಲವೆಲ್ಲ ಮೇಲೆಯೇ ಸಂಗ್ರಹವಾಗಿರುವುದರಿಂದ ಕಾಲಿನ ತುದಿ ಹಗುರವಾಗಿ ಬೀಸುತ್ತದೆ. ಅಲ್ಲಿ ಗೆರೆ ಒಣಗಿದ್ದಷ್ಟೂ ಚೆಲುವು. ನನ್ನ ಮಿತ್ರರು ಅಲ್ಲಿಗೇ ಗರಡಿಯ ಪೈಲವಾನನ ಮೀನಖಂಡವನ್ನು ತಂದು ಕಟ್ಟುತ್ತಾರೆ. ಕೇಳಿದರೆ, "ನಾವು ಕಲಾವಿದರು, ಪಶುವೈದ್ಯರಲ್ಲ" ಎಂಬ ಉತ್ತರ ಸಿದ್ಧವಾಗಿದೆ. ಕಲೆಯ ಹೆಸರಿನಲ್ಲಿ ಮೂಕಪ್ರಾಣಿಯ ಕಾಲು ಮುರಿಯುವ ಅಧಿಕಾರವನ್ನು ಇವರಿಗೆ ದಯಪಾಲಿಸಿದವರಾರು?

ಇಂಗ್ಲೆಂಡಿನ ಚಿತ್ರಕಾರ ಜಾರ್ಜ್ ಸ್ಟಬ್ಸ್ ಹಾಗೆನ್ನಲಿಲ್ಲ. ಹಾರ್ಕ್‌ಸ್ಟೋ ಎಂಬ ಹಳ್ಳಿಯ ತೋಟದ ಮನೆಯೊಂದರಲ್ಲಿ 18 ತಿಂಗಳ ಕಾಲ, ಸತ್ತ ಕುದುರೆಗಳನ್ನು ಕಬ್ಬಿಣದ ಕೊಕ್ಕೆಗಳಿಂದ ನಿಂತ ಭಂಗಿಯಲ್ಲಿಯೇ ತೂಗುಹಾಕಿ, ಆ ದುರ್ಗಂಧದ ನಡುವೆ ಪದರಪದರವಾಗಿ ಬಿಡಿಸಿ ಬರೆದುಕೊಂಡ. ಫಲಕಗಳನ್ನು ಕೆತ್ತಿಕೊಡಲು ಕುಶಲಕರ್ಮಿಗಳು ಒಪ್ಪದಿರಲು ತಾನೇ ಕೆತ್ತಿ, 1766ರಲ್ಲಿ ಗ್ರಂಥವನ್ನು ಹೊರತಂದ. ಸೋಜಿಗವೆಂದರೆ, ಅಂತಹವನೂ ಬ್ಯಾರನೆಟ್ ಎಂಬ ಪಂದ್ಯದ ಕುದುರೆಯನ್ನು ಓಟದಲ್ಲಿ ಚಿತ್ರಿಸುವಾಗ, ಮುಂಗಾಲು ಮುಂದಕ್ಕೂ ಹಿಂಗಾಲು ಹಿಂದಕ್ಕೂ ಚಾಚಿದಂತೆ ಅದನ್ನು ಗಾಳಿಯಲ್ಲಿ ತೇಲಿಸಿಬಿಟ್ಟ! ನಾಗಾಲೋಟದಲ್ಲಿ ಕುದುರೆ ನೆಲ ಬಿಡುವುದು ದಿಟ. ಆದರೆ ಆ ಕ್ಷಣದಲ್ಲಿ ನಾಲ್ಕು ಕಾಲುಗಳೂ ಹೊಟ್ಟೆಯಡಿಗೆ ಮಡಿಸಿಕೊಂಡಿರುತ್ತವೆ. 1878ರಲ್ಲಿ ಕ್ಯಾಲಿಫೋರ್ನಿಯದ ಪಾಲೋ ಆಲ್ಟೋದಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಸಾಲಾಗಿ ಕ್ಯಾಮೆರಾಗಳನ್ನು ಹೂಡಿ ಇದನ್ನು ತೋರಿಸಿಕೊಡುವವರೆಗೆ, ಬರಿಗಣ್ಣಿಗೆ ನಿಲುಕದ ಆ ವೇಗದ ಮುಂದೆ ಸ್ಟಬ್ಸನಾದರೂ ಏನು ಮಾಡಿಯಾನು? ಅವನನ್ನು ಕ್ಷಮಿಸಿದ್ದೇನೆ. ನನ್ನ ಮಿತ್ರರ ಕೊರಳಿನಲ್ಲಾದರೋ ಸದಾ ಒಂದು ಕ್ಯಾಮೆರಾ ತೂಗಾಡುತ್ತಿರುತ್ತದೆ.