ಚಾರ್ಮಾಡಿ ಘಾಟಿ ಮತ್ತು ನಮ್ಮ ಹಳೇ ಕಾರು

ಹಾಸನದಿಂದ ಧರ್ಮಸ್ಥಳಕ್ಕೆ ಹೋಗುವವರಿಗೆ ಎರಡು ದಾರಿ. ಸಕಲೇಶಪುರದ ಮೇಲೆ ಶಿರಾಡಿ ಘಾಟಿ ಇಳಿದು ಹೋಗುವುದು ಒಂದು. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುವುದು ಇನ್ನೊಂದು. ನನ್ನನ್ನು ಕೇಳಿದರೆ ಎರಡನೆಯದೇ ಚೆನ್ನ. ಕಾಫಿ ತೋಟದ ನೆರಳು, ಶೋಲಾ ಕಾಡು, ತಿರುವು ತಿರುವಿನಲ್ಲೂ ಕಣಿವೆ. ಆದರೆ ನಿಮ್ಮ ಮನೆಯಲ್ಲೂ ಮನಸ್ಸು ಬಂದಾಗ ಮಾತ್ರ ಸ್ಟಾರ್ಟ್ ಆಗುವ ಹಳೇ ಕಾರಿದ್ದರೆ, ಹೊರಡುವ ಮುಂಚೆ ಇದನ್ನು ಒಮ್ಮೆ ಓದಿಕೊಳ್ಳಿ.

ನಮ್ಮ ಕಾರು ಮಾವನವರು 1985ರಲ್ಲಿ ಕೊಂಡದ್ದು. ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇರುವ ಕಾಲದ್ದು. ಕಂಪನಿಯ ಹೆಸರು ಬೇಡ. ನಲವತ್ತು ವರ್ಷ ದುಡಿದ ಮೇಲೆ ಮುನಿಸಿಕೊಂಡರೆ ಅದು ವಯಸ್ಸಿನ ದೋಷ. 2025ರ ಜೂನ್‌ಗೆ ಐದು ವರ್ಷದ ನೋಂದಣಿ ಮುಗಿಯುವುದಿತ್ತು. ಮತ್ತೆ ಎಫ್.ಸಿ. ಮಾಡಿಸಿ ಖರ್ಚು ಮಾಡುವುದೋ, ಗುಜರಿಗೆ ಹಾಕುವುದೋ ಅಂತ ಮನೆಯಲ್ಲಿ ಎರಡು ಪಕ್ಷ. ನಮ್ಮವರು ಗುಜರಿಯವನ ಹತ್ತಿರ ಮಾತಾಡಿಯೂ ಆಗಿತ್ತು. ಅತ್ತೆಯವರು ಮಾತ್ರ, "ಕೊಡೋದಾದ್ರೆ ಕೊಡಿ, ಅದಕ್ಕೆ ಮುಂಚೆ ಅವರ ಕಾರಿನಲ್ಲೇ ಒಂದ್ಸಲ ಮಂಜುನಾಥನ್ನ ನೋಡ್ಕೊಂಡು ಬರ್ತೀನಿ" ಅಂದುಬಿಟ್ಟರು. ಎಂಬತ್ತು ದಾಟಿದವರ ಮಾತು, ಇಲ್ಲ ಅನ್ನೋದು ಹೇಗೆ?

ಕಾರಿನ ಕಾಯಿಲೆ ಏನು ಅಂತೀರಾ? ಬೆಳಿಗ್ಗೆ ಒಂದೇ ಕೀಲಿಗೆ ಎದ್ದು ಕೂರುತ್ತೆ. ಪೇಟೆಗೆ ಹೋಗಿ ತರಕಾರಿ ತಗೊಂಡು ಬರುವಷ್ಟರಲ್ಲಿ ಮಾತಾಡೋದಿಲ್ಲ. ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಹೊರಡುತ್ತೆ. ಗ್ಯಾರೇಜಿಗೆ ಕರೆದುಕೊಂಡು ಹೋದರೋ, ಡಾಕ್ಟರ ಮುಂದೆ ಮಗುವಿನ ಕೆಮ್ಮು ನಿಂತ ಹಾಗೆ! ಒಬ್ಬರು ಬ್ಯಾಟರಿ ಬದಲಾಯಿಸಿದರು, ಇನ್ನೊಬ್ಬರು ಪ್ಲಗ್ಗು, ಮತ್ತೊಬ್ಬರು ಕಾಯಿಲ್. ದುಡ್ಡು ಹೋಯಿತೇ ಹೊರತು ಚಾಳಿ ಹೋಗಲಿಲ್ಲ.

ನನಗೆ ಇಂಜಿನ್ ವಿದ್ಯೆ ಗೊತ್ತಿಲ್ಲ. ಆದರೆ ಹಾಲಿನ ಲೆಕ್ಕ ಬರೆಯುವ ಅಭ್ಯಾಸ ಉಂಟಲ್ಲ, ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಗೆರೆ ಹಾಕಿದೆ. ಯಾವ ದಿನ, ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಎಷ್ಟು ನಿಮಿಷ ನಿಂತಿತ್ತು, ಬಿಸಿಲೋ ನೆರಳೋ, ಕೀಲಿ ತಿರುಗಿಸಿದಾಗ ಎಂಥ ಸದ್ದು. ಎರಡು ತಿಂಗಳಲ್ಲಿ ಹನ್ನೊಂದು ಸಲ ಕೈಕೊಟ್ಟಿತ್ತು. ಒಂಬತ್ತು ಸಲ ಇಂಜಿನ್ ಗರ್ರಗರ್ರ ಅಂತ ಚೆನ್ನಾಗಿ ತಿರುಗಿದೆ, ಹಿಡಿದಿಲ್ಲ. ಆ ಒಂಬತ್ತು ಸಲವೂ ಹತ್ತರಿಂದ ಇಪ್ಪತ್ತೈದು ನಿಮಿಷ ನಿಲ್ಲಿಸಿದ ಮೇಲೇ. ಇನ್ನೆರಡು ಸಲ ಬೆಳಿಗ್ಗೆ, ಬರೀ 'ಟಕ್' ಅನ್ನುವ ಸದ್ದು, ಅಷ್ಟೇ. ಅಂದರೆ ಇರುವುದು ಒಂದು ಕಾಯಿಲೆಯಲ್ಲ, ಎರಡು. ಎರಡನ್ನೂ ಕಲಸಿ ಹೇಳಿದರೆ ಪಾಪ, ಮೆಕ್ಯಾನಿಕ್ ತಾನೆ ಏನು ಮಾಡಿಯಾನು?

'ಟಕ್' ಸದ್ದಿನದು ಸುಲಭ. ಬ್ಯಾಟರಿಯ ಗುಬುಟಿಗಳ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿರುತ್ತೆ, ಅದು ಕರೆಂಟನ್ನು ಸರಿಯಾಗಿ ಹರಿಯಗೊಡುವುದಿಲ್ಲ. ಇಂಜಿನ್ ಆರಿಸಿ, ಮೊದಲು ಮೈನಸ್ ತಂತಿ ಬಿಚ್ಚಿ, ಆಮೇಲೆ ಪ್ಲಸ್. ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಆ ನೀರು ಬ್ಯಾಟರಿಯ ಒಳಗೆ ಮಾತ್ರ ಇಳಿಯಬಾರದು. ಒರೆಸಿ ಒಣಗಿಸಿ, ಈಗ ಮೊದಲು ಪ್ಲಸ್, ಕೊನೆಗೆ ಮೈನಸ್ ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ನಮ್ಮ ಮನೆಯಲ್ಲಿ ಈ ಕೆಲಸ ನನ್ನದೇ. ಆಮೇಲೆ 'ಟಕ್' ಕೇಳಿಲ್ಲ.

ಉಳಿದದ್ದು ಬಿಸಿಯಾದಾಗಿನ ಹಟ. ಅದನ್ನು ಇಟ್ಟುಕೊಂಡೇ 2025ರ ಏಪ್ರಿಲ್‌ನಲ್ಲಿ ಒಂದು ಮುಂಜಾನೆ ಪುಳಿಯೋಗರೆ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಹೊರಟೆವು. ಬೇಲೂರಿನಲ್ಲಿ ಚೆನ್ನಕೇಶವನ ದರ್ಶನ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನವೋ ಜನ. ಒಂದು ಗಂಟೆಯ ಮೇಲೇ ಆಯಿತು, ಕಾರು ತಕರಾರಿಲ್ಲದೆ ಎದ್ದಿತು. ಮೂಡಿಗೆರೆಯಲ್ಲಿ ಹೂವು ಕೊಳ್ಳಲು ಕಾಲು ಗಂಟೆ ನಿಂತೆವು, ಎರಡು ಸಲ ಸತಾಯಿಸಿತು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ನಮ್ಮವರು ನಕ್ಕರು.

ಕೊಟ್ಟಿಗೆಹಾರ ಘಾಟಿಯ ಹೊಸಿಲು. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನ ಇರುವುದು ಇಲ್ಲೇ. ನೀರುದೋಸೆಗೂ ಈ ಊರು ಹೆಸರುವಾಸಿ. ಈ ಸೀಮೆಯ ಇನ್ನೊಂದು ವಿಶೇಷ ಮಕ್ಕಳಿಗೆ ಹೇಳಿ: ಇದೇ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಪೂರ್ವಕ್ಕೆ ಹರಿದು ಕಾವೇರಿ ಸೇರುತ್ತಾಳೆ, ಘಾಟಿಯ ಪಶ್ಚಿಮದ ಮಗ್ಗುಲಿಗೆ ಬಿದ್ದ ಮಳೆ ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ ಹೋಗುತ್ತೆ. ಮಳೆಗಾಲದಲ್ಲಿ ರಸ್ತೆ ಬದಿಯಲ್ಲೆಲ್ಲಾ ಜಲಪಾತ. ಅದೇ ಮಳೆಗೆ 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿಯೇ ಮುಚ್ಚಿತ್ತು. ಆದ್ದರಿಂದ ಜೂನ್ ಕಳೆದ ಮೇಲೆ ಹೋಗುವವರು ರಸ್ತೆ ತೆರೆದಿದೆಯೇ ಅಂತ ವಿಚಾರಿಸಿಕೊಂಡೇ ಹೊರಡಿ.

ಇಳಿಯುವಾಗ ಏನೂ ತೊಂದರೆಯಿಲ್ಲ. ದರ್ಶನ, ಅನ್ನಪೂರ್ಣದ ಊಟ ಎಲ್ಲ ಸಾಂಗವಾಯಿತು. ಅತ್ತೆಯವರ ಮುಖ ನೋಡಬೇಕಿತ್ತು! ಪರೀಕ್ಷೆ ಇದ್ದದ್ದು ಮಾರನೇ ದಿನ, ಹತ್ತುವಾಗ. ಏಪ್ರಿಲ್ ಬಿಸಿಲು, ಕರಾವಳಿಯ ಬೇಗೆ, ಎರಡನೇ ಗೇರಿನಲ್ಲಿ ಏದುಸಿರು ಬಿಡುತ್ತಾ ಅಣ್ಣಪ್ಪಸ್ವಾಮಿ ಗುಡಿಯ ಹತ್ತಿರ ಬಂದೆವು. ಘಾಟಿಯಲ್ಲಿ ಓಡಾಡುವವರು ಇಲ್ಲಿ ಕೈಮುಗಿಯದೆ ಮುಂದೆ ಹೋಗುವುದಿಲ್ಲ. ನಾವೂ ಇಳಿದು ಕಾಣಿಕೆ ಹಾಕಿ, ಹತ್ತು ನಿಮಿಷಕ್ಕೆ ವಾಪಸು ಬಂದರೆ, ಗರ್ರಗರ್ರ, ಗರ್ರಗರ್ರ. ಅಷ್ಟೇ.

ಮೊದಲು ಚಕ್ರದ ಹಿಂದೆ ಕಲ್ಲು ಕೊಟ್ಟೆವು. ಘಾಟಿಯಲ್ಲಿ ಇದು ಎಲ್ಲಕ್ಕಿಂತ ಮೊದಲು, ಬಾನೆಟ್ ಆಮೇಲೆ. ಅತ್ತೆಯವರನ್ನು ರಸ್ತೆಯಿಂದ ದೂರ ನೆರಳಲ್ಲಿ ಕೂರಿಸಿದೆ. ನಮ್ಮವರು ಸೆಲ್ಫ್ ಹೊಡೆಯುತ್ತಲೇ ಇದ್ದರು. "ರೀ, ಬಿಡಿ, ಬ್ಯಾಟರಿನೂ ಹೋಗುತ್ತೆ" ಅಂದೆ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಆಮೇಲೆ ಏರ್ ಫಿಲ್ಟರ್ ಮುಚ್ಚಳ ತೆಗೆದು, ಕೀಲಿ ಆಫ್ ಇಟ್ಟು, ಎಕ್ಸಲರೇಟರ್ ಒತ್ತಿ ಅಂದೆ. ಕಾರ್ಬೊರೇಟರಿನ ಬಾಯಲ್ಲಿ ಸಣ್ಣಗೆ ಪೆಟ್ರೋಲು ಚಿಮ್ಮಬೇಕು. ಚಿಮ್ಮಿದರೆ ಪೆಟ್ರೋಲು ಬರ್ತಾ ಇದೆ, ದೋಷ ಕಿಡಿಯದ್ದು. ಆಗ ಕಾಯಿಲ್, ಕಂಡೆನ್ಸರ್, ಪಾಯಿಂಟ್ ನೋಡಿಸಬೇಕು. ಮೂಗಿಗೆ ಘಮ್ಮಂತ ಪೆಟ್ರೋಲು ಹೊಡೆದರೆ ಹೆಚ್ಚಾಗಿ ತುಂಬಿಕೊಂಡಿದೆ ಅಂತ. ಚೋಕ್ ಎಳೆಯದೆ, ಎಕ್ಸಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಬೇಕು. ನಮ್ಮದರಲ್ಲಿ ಎರಡೂ ಇಲ್ಲ. ಬಾಯಿ ಒಣಗಿತ್ತು.

ಅಷ್ಟರಲ್ಲಿ ನೆರಳಿನಿಂದ ಅತ್ತೆಯವರ ದನಿ: "ನಿಮ್ಮ ಮಾವ ಘಾಟಿ ಹತ್ತುವಾಗ ಅಲ್ಲೆಲ್ಲೋ ಒಳಗೆ ಒದ್ದೆ ಬಟ್ಟೆ ಸುತ್ತೋರು ಕಣಮ್ಮ. ನನ್ನ ಹಳೇ ಸೀರೆ ಹರ್ಕೊಂಡು ಹೋಗೋರು, ನಾನು ಬೈಯೋಳು."

ನನ್ನ ಪುಸ್ತಕದ ಒಂಬತ್ತು ಸಾಲಿಗೂ ಅರ್ಥ ಅಲ್ಲಿ ಸಿಕ್ಕಿತು. ನೋಡಿ, ಪೆಟ್ರೋಲಿನ ಹಗುರ ಅಂಶ 40 ಡಿಗ್ರಿಯ ಆಸುಪಾಸಿಗೇ ಆವಿಯಾಗೋಕೆ ಶುರು. ಓಡುವಾಗ ಗಾಳಿ, ಫ್ಯಾನು, ಹರಿಯುವ ಹೊಸ ಪೆಟ್ರೋಲು ಎಲ್ಲ ಸೇರಿ ತಂಪಾಗಿಟ್ಟಿರುತ್ತವೆ. ನಿಲ್ಲಿಸಿದ ಕೂಡಲೇ ಮೂರೂ ನಿಂತುಹೋಗಿ ಇಂಜಿನ್ನಿನ ಬಿಸಿಯೆಲ್ಲ ಮೇಲೇರುತ್ತೆ. ಒಲೆ ಆರಿಸಿದರೂ ದಪ್ಪ ತಳದ ಪಾತ್ರೆಯಲ್ಲಿ ಹಾಲು ಉಕ್ಕುವುದಿಲ್ಲವೇ, ಹಾಗೆ. ಪಂಪಿನಲ್ಲೂ ಪೈಪಿನಲ್ಲೂ ಆವಿ ತುಂಬಿಕೊಂಡರೆ, ಹಳೇ ಕಾಲದ ಪಂಪು ದ್ರವವನ್ನು ಎಳೆದೀತು, ಆವಿಯನ್ನು ಎಳೆಯಲಾರದು. ಪೂರ್ತಿ ತಣಿದ ಮೇಲೆ ಎಲ್ಲ ಸರಿ. ಗ್ಯಾರೇಜಿಗೆ ಹೋಗುವಷ್ಟರಲ್ಲಿ ತಣಿದಿರುತ್ತಿತ್ತು, ಅವರಿಗೆ ಕಾಣುವುದಾದರೂ ಹೇಗೆ?

ಟವೆಲ್ಲು ನೆನೆಸಿ ಹಿಂಡಿ ಪಂಪಿಗೂ ಪೈಪಿಗೂ ಸುತ್ತಿದೆವು, ಫ್ಯಾನಿಗೆ ಬೆಲ್ಟಿಗೆ ಸಿಗದ ಹಾಗೆ. ಇಂಜಿನ್ ಮೇಲೆ ನೀರು ಸುರಿಯಬೇಡಿ, ಬಿಸಿ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ, ಹತ್ತಿರ ಬೀಡಿ ಸೇದುವವರಿದ್ದರೆ ಆಚೆ ಕಳಿಸಿ. ಹತ್ತು ನಿಮಿಷ ಬಿಟ್ಟು ನಾಲ್ಕನೇ ಸೆಲ್ಫಿಗೆ ಕಾರು ಎದ್ದಿತು. ಕೊಟ್ಟಿಗೆಹಾರದಲ್ಲಿ ನಮ್ಮವರು ಇಂಜಿನ್ ಆರಿಸುವುದೇ ಬೇಡ ಅಂತ ಕೂತಿದ್ದರು. ಗಂಟೆಗಟ್ಟಲೆ ನಿಂತರೆ ಅದು ಹಟ ಮಾಡಲ್ಲ ಅಂತ ಪುಸ್ತಕ ತೋರಿಸಿ, ಬಾನೆಟ್ ಎತ್ತಿಟ್ಟು, ಎಲ್ಲರೂ ನಿಧಾನವಾಗಿ ನೀರುದೋಸೆ ತಿಂದೆವು.

ಒದ್ದೆ ಬಟ್ಟೆ ದಾರಿಯ ಮದ್ದು ಮಾತ್ರ. ಹಾಸನಕ್ಕೆ ಬಂದ ಮೇಲೆ ವಯಸ್ಸಾದ ಮೆಕ್ಯಾನಿಕ್ ಒಬ್ಬರಿಗೆ ಪುಸ್ತಕ ಕೊಟ್ಟೆ. ಕಾರು ಮುಟ್ಟುವ ಮುಂಚೆ ಅದನ್ನೇ ಓದಿದರು. ಪಂಪಿಗೂ ಇಂಜಿನ್ನಿಗೂ ನಡುವೆ ಬಿಸಿ ತಡೆಯುವ ದಪ್ಪ ಬೇಕಲೈಟ್ ಪ್ಯಾಕಿಂಗ್ ಇರಬೇಕಂತೆ. ಹಿಂದೆ ಪಂಪು ಬದಲಾಯಿಸಿದಾಗ ತೆಳು ಕಾಗದದ್ದು ಹಾಕಿದ್ದರು. ಪೈಪು ಬಿಸಿ ಜಾಗಕ್ಕೆ ಒರಗಿತ್ತು, ಅದನ್ನು ಸರಿಸಿದರು. ರಬ್ಬರ್ ಹೋಸು ಮೆತ್ತಗಾಗಿತ್ತು. 2025ರ ಹೊತ್ತಿಗೆ ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವುದು ಬಂದಿದೆಯಲ್ಲ, ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಅದಕ್ಕೆ ತಡೆಯುವ ಹೋಸನ್ನೇ ಕೇಳಿ ಹಾಕಿಸಿ, ಸೋರಿದರೆ ಬೆಂಕಿಯ ಭಯ. ಎಲ್ಲ ಸೇರಿ ಒಂದು ಬ್ಯಾಟರಿಯ ಬೆಲೆಯ ಅರ್ಧವೂ ಆಗಲಿಲ್ಲ. ಟ್ಯಾಂಕಿನೊಳಗೇ ಕರೆಂಟಿನ ಪಂಪು ಇರುವ ಹೊಸ ಕಾರುಗಳಿಗೆ ಈ ಔಷಧಿ ಅಲ್ಲ, ಮರೆಯಬೇಡಿ.

ಜೂನ್‌ನಲ್ಲಿ ಎಫ್.ಸಿ. ಆಯಿತು. ಆಫೀಸಿನ ಅಂಗಳದಲ್ಲಿ ಆರಿಸಿ ಹದಿನೈದು ನಿಮಿಷಕ್ಕೆ ಮತ್ತೆ ಸ್ಟಾರ್ಟ್ ಮಾಡುವಾಗ ನಾನು ಉಸಿರು ಬಿಗಿಹಿಡಿದಿದ್ದೆ. ಒಂದೇ ಕೀಲಿಗೆ ಎದ್ದಿತು. ಆ ಸಂಜೆಯೇ ಗುಜರಿಯವನ ಫೋನು. ನಮ್ಮವರು, "ಐದು ವರ್ಷ ಬಿಟ್ಟು ಮಾಡಪ್ಪ" ಅಂತ ಇಟ್ಟುಬಿಟ್ಟರು. ಒಳಗೆ ಅತ್ತೆಯವರು ಪೆಟ್ಟಿಗೆ ತೆಗೆದು, ಹರಿದುಕೊಡೋಕೆ ಯಾವ ಸೀರೆ ಆದೀತು ಅಂತ ಹುಡುಕುತ್ತಿದ್ದರು.